ಕ್ಯಾಮರಾದ ಆಯ್ಕೆ

ಮತ್ತಿಕೆರೆಯ ನಮ್ಮ ನೆರೆಯವರೊಬ್ಬರು, ಈಚೆಗೆ ಕೆಲಸದಿಂದ ನಿವೃತ್ತರಾದವರು, ಮೊನ್ನೆ ಸಂಜೆ ನಮ್ಮಲ್ಲಿಗೆ ಬಂದು, “ಕ್ಯಾಮರಾ ಒಂದನ್ನು ಕೊಳ್ಳಬೇಕೆಂದಿದ್ದೇನೆ ಮೇಷ್ಟ್ರೇ; ಮಸೂರ ಬದಲಾಯಿಸುವ ದೊಡ್ಡದನ್ನು ಕೊಳ್ಳಲೋ, ಜೇಬಿಗೆ ಹಿಡಿಸುವ ಚಿಕ್ಕದನ್ನೋ?” ಎಂದು ಕೇಳಿದರು. ಜೆ.ಪಿ. ಉದ್ಯಾನದ ಕೆರೆಯಲ್ಲಿ ಮುಂಜಾನೆ ಕಾಣುವ ಹಕ್ಕಿಗಳನ್ನೂ, ಮನೆಯಲ್ಲಿ ತೊಂಬತ್ತನ್ನು ಸಮೀಪಿಸಿರುವ ತಮ್ಮ ತಾಯಿಯವರನ್ನೂ ಚಿತ್ರದಲ್ಲಿ ಹಿಡಿಯಬೇಕೆಂಬುದು ಅವರ ಅಪೇಕ್ಷೆ. ಈ ಪ್ರಶ್ನೆ ಹಲವರದಾಗಿರುವುದರಿಂದ ಅವರಿಗೆ ಹೇಳಿದುದನ್ನೇ ಇಲ್ಲಿ ವಿವರಿಸುವೆವು.

ಈ ಎರಡು ಬಗೆಗಳಿಗೂ ಮೂಲಪುರುಷ ಒಬ್ಬನೇ ಎನ್ನಬಹುದು. ಜರ್ಮನಿಯ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮರಾ 1925ರಲ್ಲಿ ಜನರ ಮುಂದೆ ಬಂದಾಗ ಅದರ ಮಸೂರವನ್ನು ಕಳಚುವಂತಿರಲಿಲ್ಲ. ಕೋಟಿನ ಜೇಬಿನಲ್ಲಿ ಅಡಗುವುದೇ ಅದರ ಹೆಚ್ಚುಗಾರಿಕೆಯಾಗಿತ್ತು. 1930ರಲ್ಲಿ ಅದೇ ಕ್ಯಾಮರಾಕ್ಕೆ ಮಸೂರವನ್ನು ತಿರುಗಿಸಿ ತೆಗೆದು ಬೇರೊಂದನ್ನು ತೊಡಿಸುವ ಏರ್ಪಾಡಾಯಿತು. ದೂರದ ವಸ್ತುವಿಗೂ ಕತ್ತಲ ಕೋಣೆಗೂ ಒಂದೇ ಮಸೂರ ಸಾಲದೆಂಬುದೇ ಇದಕ್ಕೆ ಕಾರಣ.

ದೊಡ್ಡ ಕ್ಯಾಮರಾದ ಚಿತ್ರ ತಾನಾಗಿಯೇ ಉತ್ತಮವೆಂದು ಹಲವರು ನಂಬಿರುವರು. ಇದು ಪೂರ್ಣ ಸತ್ಯವಲ್ಲ. ಮಂದವಾದ ಬೆಳಕಿನಲ್ಲಿ ಚಿತ್ರದ ಗುಣವು ಮುಖ್ಯವಾಗಿ ಎರಡನ್ನು ಅವಲಂಬಿಸಿರುವುದು: ಬಿಂಬ ಬೀಳುವ ಸೆನ್ಸರ್ ಎಂಬ ಫಲಕದ ವಿಸ್ತಾರ, ಮತ್ತು ಮಸೂರದ ಕಂಡಿಯ ಅಗಲ. ದೊಡ್ಡ ಕ್ಯಾಮರಾಗಳಲ್ಲಿ ಸಾಮಾನ್ಯವಾದ ಎಪಿಎಸ್-ಸಿ ಫಲಕವು ಸುಮಾರು 23.5 ಮಿಲಿಮೀಟರು ಉದ್ದ, 15.6 ಅಗಲ, ಒಳ್ಳೆಯ ಚಿಕ್ಕ ಕ್ಯಾಮರಾಗಳಲ್ಲಿರುವ ‘ಒಂದಂಗುಲ’ದ ಫಲಕವು, ಹೆಸರು ಹಾಗಿದ್ದರೂ, 13.2 ಉದ್ದ, 8.8 ಅಗಲ ಮಾತ್ರ. ಮೊದಲನೆಯದು ಎರಡನೆಯದರ ಮೂರರಷ್ಟಕ್ಕಿಂತ ತುಸು ಹೆಚ್ಚು. ಆದರೆ ದೊಡ್ಡದರ ಜೊತೆಗೆ ಅಂಗಡಿಯವರು ಕೊಡುವ ಸಾಧಾರಣ ಮಸೂರದ ಕಂಡಿ ಎಫ್ 3.5, ಚಿಕ್ಕದರದು ಎಷ್ಟೋ ವೇಳೆ ಎಫ್ 1.8. ಈ ಅಂಕ ಅರ್ಧವಾದರೆ ಒಳಬರುವ ಬೆಳಕು ನಾಲ್ಕರಷ್ಟಾಗುವುದು. ಆದಕಾರಣ ಫಲಕದಲ್ಲಿ ದೊಡ್ಡದು ಗಳಿಸಿದ ಲಾಭವನ್ನು ಮಸೂರದಲ್ಲಿ ಕಳೆದುಕೊಳ್ಳುವುದು. ಮನೆಯೊಳಗಿನ ದೀಪದ ಬೆಳಕಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ದೊಡ್ಡದಕ್ಕೆ ಎಫ್ 1.8ರ ಮಸೂರವನ್ನು ಬೇರೆಯಾಗಿ ಕೊಂಡು ತೊಡಿಸಿದಾಗಲೇ ಅದರ ಮೇಲ್ಮೆ ಪ್ರಕಟವಾಗುವುದು. ಎರಡನೆಯ ಮಸೂರವನ್ನು ಕೊಳ್ಳುವ, ಹೊರುವ ಮನಸ್ಸಿಲ್ಲದವರಿಗೆ ದೊಡ್ಡದು ವೃಥಾ ವೆಚ್ಚ.

ಹಕ್ಕಿಗಳ ವಿಷಯ ಬೇರೆ. ಮೂಡಿಗೆರೆಯ ಪರಿಸರದಲ್ಲಿ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರಂತೆ ಅದರಲ್ಲೇ ಆಸಕ್ತಿ ತಳೆದವರಿಗೆ ಉದ್ದ ಮಸೂರ ಅನಿವಾರ್ಯ. ಬಹುದೂರ ಎಳೆದು ತೋರುವ ಅಗ್ಗದ ಕ್ಯಾಮರಾಗಳೂ ಉಂಟು. ಆದರೆ ಅವುಗಳಲ್ಲಿ ಹಲವದರ ಫಲಕ ಎಪಿಎಸ್-ಸಿಯ ಹದಿಮೂರರಲ್ಲೊಂದು ಪಾಲು. ಮುಂಜಾನೆಯ ಮಸುಕಿನಲ್ಲಿ ಮಿಂಚುಳ್ಳಿ ಹತ್ತಿರ ಬಂದಂತೆ ತೋರಿದರೂ ಗರಿಯ ಎಳೆಗಳು ಕಲಸಿಹೋಗುವುವು.

ಇನ್ನೊಂದು ಮಾತನ್ನು ನಮ್ಮ ಅನುಭವದಿಂದ ಹೇಳಬೇಕಾಗಿದೆ. ನಾವು ಮೊದಲು ಕೊಂಡದ್ದು ದೊಡ್ಡದನ್ನೇ. ಬೇಲೂರು ಹಳೇಬೀಡುಗಳ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ನಮ್ಮ ತಾಯಿಯವರು ದಿನವೂ ಸಂಜೆ ಹೊಸಿಲ ಬಳಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಬೀರುವಿನಿಂದ ಚೀಲವನ್ನು ಇಳಿಸಿ, ಮಸೂರ ಜೋಡಿಸುವಷ್ಟರಲ್ಲಿ ಅವರು ಎದ್ದುಬಿಡುವರು. ಭಾನುವಾರ ತೆಗೆದರಾಯಿತೆಂದು ನಾವು ಸುಮ್ಮನಾಗುತ್ತಿದ್ದೆವು. ಈಗ ಅವರಿಲ್ಲ, ಆ ಚಿತ್ರವೂ ಇಲ್ಲ. ಮುನ್ನೂರು ಗ್ರಾಮು ತೂಕದ ಚಿಕ್ಕ ಕ್ಯಾಮರಾ ಮೇಜಿನ ಮೇಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಇಂದು ಎಲ್ಲರ ಕೈಯಲ್ಲಿರುವ ಮೊಬೈಲೂ ಈ ಕೆಲಸವನ್ನು ತಕ್ಕಮಟ್ಟಿಗೆ ಮಾಡಬಲ್ಲದು. ಅದರ ಚಿತ್ರದಿಂದ ತೃಪ್ತರಾದವರು ಚಿಕ್ಕದನ್ನೂ ಕೊಳ್ಳಬೇಕಾದುದಿಲ್ಲ.

ನೆರೆಯವರಿಗೆ ನಾವು ಹೇಳಿದುದಿಷ್ಟು: ಹಕ್ಕಿಗಳು ಬರುವ ವರ್ಷವೂ ಕೆರೆಗೆ ಬರುವುವು, ಈಗ ಚಿಕ್ಕದನ್ನು ಕೊಂಡು ತಾಯಿಯವರ ಬಳಿ ಕುಳಿತುಕೊಳ್ಳಿ. ವರ್ಷ ಕಳೆದ ಮೇಲೂ ಹಕ್ಕಿಗಳ ಹಂಬಲ ಉಳಿದರೆ, ಆಗ ದೊಡ್ಡದನ್ನೂ ಅದರ ಉದ್ದ ಮಸೂರವನ್ನೂ ಒಟ್ಟಿಗೆ ಕೊಳ್ಳಬಹುದು.