ಗಿರಣಿಯವನ ಮಗ ಕಂಡ ಮುಗಿಲು

1822ರ ಸೆಪ್ಟೆಂಬರ್ 5, ನಡುಹಗಲು. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಎಣ್ಣೆಬಣ್ಣದಲ್ಲಿ ಮುಗಿಲು ಬರೆಯುತ್ತಿದ್ದ. ಮರವಿಲ್ಲ, ಮನೆಯಿಲ್ಲ, ನೆಲದ ಒಂದು ಗೆರೆಯೂ ಇಲ್ಲ. ಕಾಗದದ ತುಂಬ ಬರೀ ಮೋಡ. ಚಿತ್ರದ ವಿವರವನ್ನೂ ಆತನೇ ಬರೆದಿಟ್ಟ: ನೋಡಿದ್ದು ಆಗ್ನೇಯಕ್ಕೆ, ಗಾಳಿ ಜೋರು, ಮೋಡಗಳ ಓಟ ಬಿರುಸು, ನಡುನಡುವೆ ನೀಲಿ ಇಣುಕುತ್ತಿದೆ. ಮೆಲ್ಬರ್ನಿನ ಕಲಾಸಂಗ್ರಹದಲ್ಲಿರುವ ಈ ಚಿತ್ರದ ಟಿಪ್ಪಣಿ ಹವಾಮಾನ ಕಚೇರಿಯ ದಿನಚರಿಯಂತಿದೆ.

ಆಕಾಶವನ್ನು ಹೀಗೆ ನೋಡುವ ಕಣ್ಣು ಬಂದದ್ದು ಗಿರಣಿಯಿಂದ. ಆತ ಹುಟ್ಟಿದ್ದು 1776ರಲ್ಲಿ, ಇಂಗ್ಲೆಂಡಿನ ಸಫೋಕ್ ಸೀಮೆಯ ಈಸ್ಟ್ ಬರ್ಗೋಲ್ಟ್ ಎಂಬ ಹಳ್ಳಿಯಲ್ಲಿ. ಅಪ್ಪ ದವಸದ ವ್ಯಾಪಾರಿ. ಸ್ಟೌರ್ ಹೊಳೆಯ ದಂಡೆಯಲ್ಲಿ ನೀರಿನ ಗಿರಣಿ, ಊರ ಬಯಲಲ್ಲಿ ಗಾಳಿಗಿರಣಿ. ಮಗನೂ ಕೆಲಕಾಲ ಅಲ್ಲಿ ದುಡಿದ. ಗಾಳಿ ದಿಕ್ಕು ಬದಲಿಸಿದರೆ ಗಿರಣಿಯನ್ನೂ ತಿರುಗಿಸಬೇಕು. ಬಿರುಗಾಳಿಯ ಸುಳಿವು ಮೊದಲೇ ಹತ್ತದಿದ್ದರೆ ರೆಕ್ಕೆಗಳೇ ಮುರಿದಾವು. ಮುಗಿಲು ಓದಲು ಬಾರದವನಿಗೆ ಅಲ್ಲಿ ಹೊಟ್ಟೆಪಾಡೇ ಇಲ್ಲ.

ಆಗಿನ ರಸಿಕರಿಗೆ ಬೇಕಿದ್ದದ್ದು ಇಟಲಿಯ ಹಾಳುಗುಡಿಗಳು, ಎದೆ ನಡುಗಿಸುವ ಬೆಟ್ಟಗಳು. ಕಾನ್‌ಸ್ಟೆಬಲ್ ಕೂಡ 1806ರಲ್ಲಿ ಇಂಗ್ಲೆಂಡಿನ ವಾಯವ್ಯದ ಸರೋವರ ಸೀಮೆಗೆ ಹೋಗಿ ಬೆಟ್ಟಗಳನ್ನು ಬರೆದು ಬಂದ. ಮನಸ್ಸು ನಿಲ್ಲಲಿಲ್ಲ. ಆತನಿಗೆ ಬೇಕಾದದ್ದು ಪಾಚಿ ಕಟ್ಟಿದ ಕಂಬ, ಗಿರಣಿಯ ತೂಬಿನಿಂದ ಧುಮುಕುವ ನೀರು, ಕೊಳೆತ ಹಲಗೆ. 1813ರ ಆತನ ಚಿತ್ರಪುಸ್ತಕವೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅಂಗೈಯಗಲದ ಆ ಪುಸ್ತಕದಲ್ಲಿ ಹಳ್ಳಿಯ ಬೇಸಗೆಯೇ ಅಡಗಿದೆ.

ಬಯಲಲ್ಲಿ ಕೂತು ಎಣ್ಣೆಬಣ್ಣ ಹಚ್ಚುವುದು ಆಗ ಸಲೀಸಿರಲಿಲ್ಲ. ಬಣ್ಣ ತುಂಬುವ ಲೋಹದ ಟ್ಯೂಬು ಬಂದದ್ದು 1841ರಲ್ಲಿ, ಆತ ತೀರಿಕೊಂಡು ನಾಲ್ಕು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಹಂದಿಯ ಮೂತ್ರಕೋಶದ ಪುಟ್ಟ ಚೀಲಗಳೇ ಗತಿ. ಮೋಡವಂತೂ ಕಾಯುವುದಿಲ್ಲ, ಕುಂಚ ಓಡಲೇಬೇಕು. ಹೆಂಡತಿ ಮರಿಯಾಳ ಆರೋಗ್ಯಕ್ಕೆಂದು ಲಂಡನ್ನಿನ ಉತ್ತರದ ಎತ್ತರದ ಜಾಗವಾದ ಹ್ಯಾಂಪ್‌ಸ್ಟೆಡ್‌ನಲ್ಲಿ ಮನೆ ಹಿಡಿದಿದ್ದ ಆತ 1821 ಮತ್ತು 1822ರಲ್ಲಿ ಇಂಥ ಮುಗಿಲುಗಳನ್ನು ರಾಶಿ ಹಾಕಿದ. 1803ರಲ್ಲಿ ಲ್ಯೂಕ್ ಹೊವಾರ್ಡ್ ಮೋಡಗಳಿಗೆ ಲ್ಯಾಟಿನ್ ಹೆಸರು ಕೊಟ್ಟು ವಿಂಗಡಿಸಿದ್ದ. ಆ ವಿಂಗಡಣೆಯನ್ನು ವಿವರಿಸುವ ಥಾಮಸ್ ಫಾರ್ಸ್ಟರ್‌ನ ಪುಸ್ತಕ ಕಾನ್‌ಸ್ಟೆಬಲ್ ಬಳಿ ಇತ್ತು. ಅಂಚಿನಲ್ಲಿ ತನ್ನ ತಕರಾರುಗಳನ್ನೂ ಗೀಚಿದ್ದಾನೆ. ಪುಸ್ತಕದ ಮಾತನ್ನು ಗಿರಣಿಯವನ ಮಗ ಸುಮ್ಮನೆ ಒಪ್ಪುವುದುಂಟೇ!

ಆದರೆ ದೊಡ್ಡ ಚಿತ್ರಗಳು ಹುಟ್ಟಿದ್ದು ಲಂಡನ್ನಿನ ಕೋಣೆಯಲ್ಲಿ. 1821ರ ‘ದಿ ಹೇ ವೇನ್’ ಆರಡಿಗೂ ಮಿಕ್ಕಿದ ಅಗಲದ್ದು: ಹೊಳೆಯ ನಡುವೆ ನಿಂತ ಗಾಡಿ, ಆಚೆ ಹುಲ್ಲುಗಾವಲು, ಎಡಕ್ಕೆ ವಿಲ್ಲಿ ಲಾಟ್ ಎಂಬ ರೈತನ ಮನೆ. ಹಳೆಯ ಗೀಚುಚಿತ್ರಗಳನ್ನೆಲ್ಲ ಹರವಿಕೊಂಡು, ಮೊದಲು ಅಷ್ಟೇ ಅಗಲದ ಕರಡನ್ನು ಒರಟಾಗಿ ಬರೆದು, ಆಮೇಲೆ ಅಸಲು ಚಿತ್ರಕ್ಕೆ ಕೈಹಾಕಿದ. ಗಾಡಿಯ ಜೋಡಣೆ ತಪ್ಪಬಾರದೆಂದು ಊರಿನ ಗೆಳೆಯನ ಮಗನಿಂದ ಅದರ ಚಿತ್ರ ಬರೆಸಿ ತರಿಸಿಕೊಂಡ. ಆ ಕರಡೇ ಅಸಲಿಗಿಂತ ಚೆಂದ ಎನ್ನುವ ಕಣ್ಣುಗಳು ಇಂದು ಕಡಿಮೆಯಿಲ್ಲ.

ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ‘ದಿ ಹೇ ವೇನ್’ ಚಿತ್ರವನ್ನು ಯಾರೂ ಕೊಳ್ಳಲಿಲ್ಲ. ಕೊನೆಗೆ ಕೊಂಡವನು ಪ್ಯಾರಿಸ್ಸಿನ ವ್ಯಾಪಾರಿ. 1824ರಲ್ಲಿ ಅಲ್ಲಿನ ಸಲೋನ್ ಎಂಬ ಕಲಾಪ್ರದರ್ಶನದಲ್ಲಿ ಇಟ್ಟಾಗ ಜನ ಮುಗಿಬಿದ್ದರು. ಫ್ರೆಂಚ್ ಚಿತ್ರಕಾರ ಡೆಲಕ್ರಾ ಅದನ್ನು ಕಂಡು ತನ್ನ ಚಿತ್ರವೊಂದನ್ನು ಮತ್ತೆ ತಿದ್ದಿದನೆನ್ನುತ್ತಾರೆ. ಕಾನ್‌ಸ್ಟೆಬಲ್‌ನ ಹುಲ್ಲುಗಾವಲು ಒಂದೇ ಹಸಿರಲ್ಲ, ಹಲವು ಹಸಿರುಗಳ ಕೂಟ ಎಂಬುದನ್ನು ಡೆಲಕ್ರಾ ಮುಂದೆ ತನ್ನ ದಿನಚರಿಯಲ್ಲಿ ಗುರುತಿಸಿದ್ದಾನೆ. ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಕಾನ್‌ಸ್ಟೆಬಲ್‌ಗೆ ಚಿನ್ನದ ಪದಕ ಕೊಟ್ಟ.

ತವರಿನ ರಾಯಲ್ ಅಕಾಡೆಮಿ ಆತನಿಗೆ ಪೂರ್ಣ ಸದಸ್ಯತ್ವ ಕೊಟ್ಟದ್ದು 1829ರಲ್ಲಿ, ಅದೂ ಒಂದೇ ಮತದ ಅಂತರದಲ್ಲಿ. ಮರಿಯಾ ಹಿಂದಿನ ವರ್ಷವೇ ಕ್ಷಯದಿಂದ ತೀರಿಕೊಂಡಿದ್ದಳು. ಮನೆಯಲ್ಲಿ ಏಳು ಮಕ್ಕಳು. ಪ್ಯಾರಿಸ್ಸಿಗೆ ಆತ ಹೋಗಲೇ ಇಲ್ಲ. ಇಂಗ್ಲೆಂಡ್ ಬಿಟ್ಟು ಹೊರಗೆ ಒಂದು ಸಲವೂ ಕಾಲಿಟ್ಟವನಲ್ಲ.