ಹಟ್ಟಿಯ ಜೀವಕ್ಕೂ ಮನೆಯ ಖರ್ಚಿನಲ್ಲಿ ಪಾಲಿದೆ

ಬ್ಯಾಡಗಿ ಎಂದರೆ ಕರಾವಳಿಯ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಮೆಣಸು. ಮೀನು ಸಾರಿಗೆ ಬಣ್ಣ ಬರಬೇಕಾದರೆ ಬ್ಯಾಡಗಿಯೇ ಆಗಬೇಕು ಎನ್ನುವ ಉಮ್ಮಂದಿರು ಈಗಲೂ ಇದ್ದಾರೆ. ಆದರೆ ಆ ಮೆಣಸಿನ ಊರು ಹೇಗಿದೆ, ಅಲ್ಲಿನ ಜನ ಹೇಗೆ ಬದುಕುತ್ತಾರೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ. ಮದ್ರಸದ ಕೆಲಸಕ್ಕೆಂದು ಘಟ್ಟ ಹತ್ತಿ ಬಂದು, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಕೆಲವು ವರ್ಷ ಕಳೆದ ಮೇಲೆ ಒಂದು ವಿಷಯ ಅರ್ಥವಾಯಿತು. ಇಲ್ಲಿನ ರೈತರ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಕೆಲವರು ಎತ್ತುಗಳನ್ನೂ ಸೇರಿಸಿಯೇ ಲೆಕ್ಕ ಹೇಳುತ್ತಾರೆ!

ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇಲ್ಲಿನ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ಸಿಗುವುದು ದನ ಕಟ್ಟುವ ಜಾಗ. ಅದರಾಚೆ ಸ್ವಲ್ಪ ಎತ್ತರದಲ್ಲಿ ಪಡಸಾಲೆ. ನಮ್ಮ ಊರಿನಲ್ಲಿ ಹಟ್ಟಿ ಬೇರೆ, ಮನೆ ಬೇರೆ. ಇಲ್ಲಿ ಮನುಷ್ಯರೂ ದನಗಳೂ ಒಂದೇ ಸೂರಿನ ಕೆಳಗೆ ಮಲಗುತ್ತಾರೆ. ರಾತ್ರಿ ಎತ್ತು ಕೆಮ್ಮಿದರೆ ಮನೆಯ ಯಜಮಾನನಿಗೆ ಎಚ್ಚರವಾಗುತ್ತದೆ. ಹಿಂದೂ ಮನೆಯಾಗಲಿ, ಮುಸ್ಲಿಂ ಮನೆಯಾಗಲಿ, ಬೇಸಾಯ ಮಾಡುವವರ ಮನೆಗಳಲ್ಲಿ ಇದರಲ್ಲಿ ವ್ಯತ್ಯಾಸವಿಲ್ಲ.

ಮೂರು ದಿನ ಬಾರದ ಹುಡುಗ

2022ರ ಮಳೆಗಾಲದ ಕೊನೆಯ ದಿನಗಳು. ನಮ್ಮ ತರಗತಿಯ ಒಬ್ಬ ಹುಡುಗ ಮೂರು ದಿನ ಮದ್ರಸಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ಕಾರಣ ಕೇಳಿದೆವು. ಕರಾವಳಿಯಲ್ಲಿ ನಮ್ಮನ್ನು ಉಸ್ತಾದ್ ಎಂದು ಕರೆದರೆ ಇಲ್ಲಿ ಹಜರತ್ ಅನ್ನುತ್ತಾರೆ. "ಹಜರತ್, ನಮ್ ಎತ್ತು ಸತ್ತೋತ್ರಿ" ಅಂದ. ಒಂದು ಎತ್ತಿಗಾಗಿ ಮೂರು ದಿನ ಪಾಠ ಬಿಡುವುದೇ ಎಂದು ನಾವು ಗದರಿಸಿದೆವು. ಹುಡುಗ ಏನೂ ಹೇಳಲಿಲ್ಲ. ಕಿತಾಬು ತೆರೆದು ತಲೆ ತಗ್ಗಿಸಿ ಕುಳಿತ. ಸ್ವಲ್ಪ ಹೊತ್ತಿನ ನಂತರ ನೋಡಿದರೆ ಪುಟ ಒದ್ದೆಯಾಗಿತ್ತು.

ಆ ಸಂಜೆ ಅವನ ಮನೆಗೆ ಹೋದೆವು. ಬಾಗಿಲ ಹತ್ತಿರ ಜೋಡಿಯಲ್ಲಿ ಉಳಿದ ಒಂದೇ ಎತ್ತು ನಿಂತಿತ್ತು. ಪಕ್ಕದ ಗೂಟ ಖಾಲಿ. ಉಳಿದ ಎತ್ತೂ ಎರಡು ದಿನದಿಂದ ಸರಿಯಾಗಿ ಮೇವು ಮುಟ್ಟುತ್ತಿಲ್ಲ ಎಂದು ಹುಡುಗನ ತಂದೆ ಹೇಳಿದರು. ಹುಡುಗ ಅದರ ಗಂಗೆದೊಗಲು ಸವರುತ್ತಾ ಒಂದೊಂದೇ ಹಿಡಿ ಹುಲ್ಲು ಬಾಯಿಗೆ ಇಡುತ್ತಿದ್ದ. ಸತ್ತ ಎತ್ತು ಈ ಹುಡುಗ ಹುಟ್ಟಿದ ವರ್ಷವೇ ಮನೆಗೆ ಬಂದಿತ್ತಂತೆ. ನಮಗೆ ಬೆಳಗ್ಗಿನ ಮಾತು ನೆನಪಾಗಿ ನಾಚಿಕೆಯಾಯಿತು.

ಆ ವರ್ಷ ಹಾವೇರಿ ಜಿಲ್ಲೆಯ ಬಹಳಷ್ಟು ಹಳ್ಳಿಗಳಲ್ಲಿ ಇದೇ ಕಥೆ. ಚರ್ಮಗಂಟು ರೋಗ ರಾಜ್ಯದಲ್ಲಿ ಹೆಚ್ಚು ಕಾಡಿದ ಜಿಲ್ಲೆಗಳಲ್ಲಿ ಇದೂ ಒಂದು. ವೈರಸ್‌ನಿಂದ ಬರುವ ಈ ರೋಗವನ್ನು ಸೊಳ್ಳೆ, ನೊಣ, ಉಣ್ಣೆಗಳು ಒಂದು ದನದಿಂದ ಇನ್ನೊಂದಕ್ಕೆ ಹರಡುತ್ತವೆ. ಮನುಷ್ಯರಿಗೆ ಬರುವುದಿಲ್ಲ. ಮೊದಲು ಜ್ವರ, ನಂತರ ಮೈತುಂಬ ಗಂಟು, ಕಾಲು ಬಾವು; ಗಂಟು ಒಡೆದರೆ ಹುಣ್ಣು. ದನದ ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ಮೇಕೆಗಳ ಸಿಡುಬಿಗೆ ಕೊಡುವ ಲಸಿಕೆಯನ್ನೇ ದನಗಳಿಗೂ ಹಾಕಿದರು. ಸರ್ಕಾರ ಸತ್ತ ಎತ್ತಿಗೆ 30 ಸಾವಿರ, ಹಸುವಿಗೆ 20 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಹಣ ಬಂದರೆ ಇನ್ನೊಂದು ಎತ್ತು ತರಬಹುದು. ಆದರೆ ಹುಡುಗ ಅತ್ತದ್ದು ಎತ್ತಿನ ಬೆಲೆಗಾಗಿ ಅಲ್ಲವಲ್ಲ.

ಅಬೂ ಉಮೈರ್‌ನ ಹಕ್ಕಿ

ಮನೆಗೆ ಮರಳುವಾಗ ನಾವೇ ಎಷ್ಟೋ ಸಲ ಪಾಠ ಮಾಡಿದ ಒಂದು ಹದೀಸ್ ನೆನಪಾಯಿತು. ಅನಸ್ ಬಿನ್ ಮಾಲಿಕ್ (ರ.ಅ.) ಅವರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದ. ಅವನ ಬಳಿ ಒಂದು ಸಣ್ಣ ಹಕ್ಕಿ. ಅದು ಸತ್ತುಹೋಯಿತು. ಹುಡುಗ ಸಪ್ಪೆ ಮುಖ ಮಾಡಿ ಕುಳಿತಿದ್ದನ್ನು ಪ್ರವಾದಿ (ಸ.ಅ.) ಕಂಡರು. ಅವನ ಹೆಸರಿಗೂ ಹಕ್ಕಿಯ ಹೆಸರಿಗೂ ಪ್ರಾಸ ಹೊಂದಿಸಿ, ನಿನ್ನ ಹಕ್ಕಿಗೆ ಏನಾಯಿತು ಎಂದು ಅಕ್ಕರೆಯಿಂದ ವಿಚಾರಿಸಿದರು.

ಮದೀನದಲ್ಲಿ ಆಗ ಎಷ್ಟು ಕೆಲಸ, ಎಷ್ಟು ಚಿಂತೆ! ಆದರೂ ಒಂದು ಮಗುವಿನ ಹಕ್ಕಿ ಸತ್ತದ್ದನ್ನು ವಿಚಾರಿಸಲು ಅವರಿಗೆ ಸಮಯವಿತ್ತು. ನಮ್ಮ ಶಾಫಿಈ ಮದ್‌ಹಬಿನ ಇಬ್ನುಲ್ ಖಾಸ್ ಎಂಬ ವಿದ್ವಾಂಸರು ಈ ಒಂದೇ ಹದೀಸಿನಿಂದ 60ಕ್ಕೂ ಹೆಚ್ಚು ಪಾಠಗಳನ್ನು ಹೆಕ್ಕಿ ಒಂದು ಪುಸ್ತಿಕೆಯನ್ನೇ ಬರೆದಿದ್ದಾರೆ. ಹಿಂಸೆ ಕೊಡದಿದ್ದರೆ ಮಕ್ಕಳು ಹಕ್ಕಿಯ ಜೊತೆ ಆಡಬಹುದು ಎಂಬುದು ಅದರಿಂದ ಕಲಿಯುವ ಪಾಠಗಳಲ್ಲೊಂದು. ಇಷ್ಟೆಲ್ಲ ಓದಿಯೂ ನಾವು ಆ ಬೆಳಗ್ಗೆ ಹುಡುಗನನ್ನು ಗದರಿಸಿದ್ದೆವು. ಸಾಕಿದ ಜೀವ ಸತ್ತಾಗ ಅಳುವ ಮಗುವನ್ನು ಸಂತೈಸುವುದು ಸುನ್ನತ್ ಎಂದು ನಾವು ನಿಜವಾಗಿ ಕಲಿತದ್ದು ಆ ಸಂಜೆ.

ಹೋರಿಯ ಮೇಲಿನ ಪ್ರೀತಿ

ಹಾವೇರಿ ಕಡೆ ದನದ ಮೇಲಿನ ಪ್ರೀತಿ ಎಷ್ಟಿದೆ ಎಂಬುದನ್ನು ನೋಡಬೇಕಾದರೆ ದೀಪಾವಳಿಯ ನಂತರದ ದಿನಗಳಲ್ಲಿ ಇಲ್ಲಿಗೆ ಬರಬೇಕು. ಆಗ ಹಳ್ಳಿಹಳ್ಳಿಯಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಹೋರಿಯ ಕೊರಳಿಗೆ ಕೊಬ್ಬರಿ ಗಿಟುಕಿನ ಹಾರ, ಕೊಂಬಿಗೆ ಬಲೂನು, ಬೆನ್ನಿಗೆ ಬಣ್ಣದ ಜೂಲು. ಒಂದೊಂದೇ ಹೋರಿಯನ್ನು ಓಡಲು ಬಿಡುತ್ತಾರೆ. ಯುವಕರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಯಾರ ಕೈಗೂ ಸಿಗದೆ ಓಡಿದ್ದೇ ಗೆದ್ದ ಹೋರಿ. ನಮ್ಮ ಕರಾವಳಿಯಲ್ಲಿ ಕಂಬಳದ ಕೋಣಗಳಿಗೆ ಇರುವ ಹೆಸರು, ಅಭಿಮಾನಿಗಳು ಇಲ್ಲಿ ಹೋರಿಗಳಿಗೆ. ಹುರುಳಿ, ಹತ್ತಿಕಾಳು, ಹಿಂಡಿ, ಮೊಟ್ಟೆ ಎಂದು ಮಕ್ಕಳಿಗಿಂತ ಹೆಚ್ಚು ಮುತುವರ್ಜಿಯಿಂದ ಸಾಕುತ್ತಾರೆ. ಹೆಸರು ಮಾಡಿದ ಹೋರಿ ಸತ್ತರೆ ಮೆರವಣಿಗೆ ಮಾಡಿ ಹೂಳುವವರೂ ಇದ್ದಾರೆ.

ಹಬ್ಬದ ಆಚರಣೆಯ ಮಾತು ಬೇರೆ. ನಾವು ಹೇಳುತ್ತಿರುವುದು ಸಾಕಣೆಯ ಬಗ್ಗೆ. ಒಮ್ಮೆ ದೂರದಿಂದ ನಿಂತು ನೋಡಿದಾಗ ನಮಗೆ ಎರಡು ಭಾವನೆ ಬಂತು. ಓಟ ಮುಗಿಸಿ ಬಂದ ಹೋರಿಯ ಕೊರಳನ್ನು ತಬ್ಬಿಕೊಂಡು ಒಬ್ಬ ರೈತ ಮಗುವಿನಂತೆ ಅಳುತ್ತಿದ್ದ. ಅದು ನಟನೆಯಲ್ಲ. ಆದರೆ ಅದೇ ಹೋರಿಯ ಕಣ್ಣು ಭಯದಿಂದ ಅಗಲವಾಗಿತ್ತು, ಬಾಯಲ್ಲಿ ನೊರೆ ಬಂದಿತ್ತು. ಪ್ರೀತಿಯೂ ಅಲ್ಲಿತ್ತು, ನಮ್ಮ ಹೆಮ್ಮೆಗೆ ಅದು ಕೊಟ್ಟ ಬೆಲೆಯೂ ಅಲ್ಲಿತ್ತು.

ಇದು ನ್ಯಾಯಾಲಯದವರೆಗೂ ಹೋದ ಪ್ರಶ್ನೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿ ಕಂಬಳ ಹಾಗೂ ಎತ್ತುಗಳ ಓಟಕ್ಕೆ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾನೂನು ಅಲ್ಲಿಗೆ ಮುಗಿಯಿತು. ಆದರೆ ಸಾಕಿದವನ ಮನಸ್ಸಾಕ್ಷಿಯ ಪ್ರಶ್ನೆ ಮುಗಿಯುವುದಿಲ್ಲ.

ಪ್ರವಾದಿಯವರಿಗೂ (ಸ.ಅ.) ಓಟದಲ್ಲಿ ಸೋಲೇ ಇಲ್ಲದ ಅದ್‌ಬಾ ಎಂಬ ಒಂಟೆಯಿತ್ತು. ಒಂದು ದಿನ ಒಬ್ಬ ಹಳ್ಳಿಗನ ಒಂಟೆ ಅದನ್ನು ಹಿಂದಿಕ್ಕಿತು. ಸಹಾಬಿಗಳಿಗೆ ಬಹಳ ಬೇಸರವಾಯಿತು. ಲೋಕದಲ್ಲಿ ಮೇಲೇರಿದ ಯಾವುದನ್ನೂ ಅಲ್ಲಾಹನು ಒಂದು ದಿನ ಕೆಳಗಿಳಿಸದೆ ಬಿಡುವುದಿಲ್ಲ ಎಂಬ ಅರ್ಥದ ಮಾತು ಹೇಳಿ ಪ್ರವಾದಿ ಅವರನ್ನು ಸಮಾಧಾನಪಡಿಸಿದರು. ಅಂದರೆ ಓಟ ತಪ್ಪಲ್ಲ. ಆದರೆ ಪ್ರಾಣಿಯ ಬೆನ್ನ ಮೇಲೆ ನಮ್ಮ ಅಹಂಕಾರವನ್ನು ಹೇರುವುದು ಬೇಡ.

ಪ್ರೀತಿ ಅಂದರೆ ಸಾಲ

ನಮ್ಮ ದರ್ಸ್‌ಗಳಲ್ಲಿ ಹೆಸರು ಕೇಳದವರಿಲ್ಲದ ಗ್ರಂಥ ಇಮಾಂ ನವವಿಯವರ ಮಿನ್‌ಹಾಜ್. ಅದರಲ್ಲಿ ಜೀವನಾಂಶದ ಅಧ್ಯಾಯವಿದೆ. ಹೆಂಡತಿಗೆ ಏನು ಕೊಡಬೇಕು, ಮಕ್ಕಳಿಗೆ ಏನು, ತಂದೆತಾಯಿಗೆ ಏನು ಎಂಬ ಲೆಕ್ಕ. ಆ ಅಧ್ಯಾಯದ ಕೊನೆಯಲ್ಲಿ ಬರುವುದು ಸಾಕುಪ್ರಾಣಿಗಳು. ಅವುಗಳಿಗೆ ಮೇವು, ನೀರು ಕೊಡುವುದು ಒಡೆಯನ ಮೇಲೆ ಕಡ್ಡಾಯ. ಕೊಡದಿದ್ದರೆ ಕೊಡುವಂತೆ ಅಥವಾ ಮಾರುವಂತೆ ಅವನನ್ನು ಬಲವಂತಪಡಿಸಬೇಕು. ತಿನ್ನುವ ಪ್ರಾಣಿಯಾದರೆ ದ್ಸಬಹ್ ಮಾಡುವ ದಾರಿಯೂ ಇದೆ. ಕರುವಿಗೆ ತೊಂದರೆಯಾಗುವಷ್ಟು ಹಾಲು ಕರೆಯಬಾರದು ಎಂಬುದೂ ಅಲ್ಲೇ ಇದೆ.

ಓದುವ ಕಾಲದಲ್ಲಿ ಆ ಕೊನೆಯ ಭಾಗವನ್ನು ನಾವು ಬೇಗ ಬೇಗ ದಾಟಿಹೋಗಿದ್ದೆವು. ಈಗ ಅನಿಸುತ್ತದೆ, ವಿಷಯದ ತಿರುಳು ಅಲ್ಲೇ ಇತ್ತು. ದೀನು ಪ್ರಾಣಿಯ ಮೇಲಿನ ಪ್ರೀತಿಯನ್ನು ಬರೀ ಮನಸ್ಸಿನ ಮಾತಾಗಿ ಬಿಡಲಿಲ್ಲ. ಹೆಂಡತಿ ಮಕ್ಕಳ ಸಾಲಿನಲ್ಲೇ ಕೂರಿಸಿ ಅದನ್ನು ಸಾಲದಂತೆ ಮಾಡಿತು. ಮುದ್ದು ಮಾಡಿದರೂ ಮಾಡದಿದ್ದರೂ ಹೊಟ್ಟೆಗೆ ಹಾಕಲೇಬೇಕು.

ಒಬ್ಬ ಅನ್ಸಾರಿಯ ತೋಟದಲ್ಲಿ ಪ್ರವಾದಿಯವರನ್ನು (ಸ.ಅ.) ಕಂಡು ಒಂಟೆಯೊಂದು ಕಣ್ಣೀರು ಸುರಿಸಿದ ಘಟನೆ ಅಬೂದಾವೂದ್‌ನಲ್ಲಿದೆ. ಅವರು ಅದರ ತಲೆ ಸವರಿ ಸಮಾಧಾನ ಮಾಡಿದರು. ನಂತರ ಒಡೆಯನನ್ನು ಕರೆಸಿ, ನೀನು ಇದನ್ನು ಹಸಿವಿನಲ್ಲಿ ಇಟ್ಟು ದುಡಿಸುತ್ತೀ ಎಂದು ಇದು ದೂರುತ್ತಿದೆ, ಅಲ್ಲಾಹನನ್ನು ಭಯಪಡುವುದಿಲ್ಲವೇ ಎಂದು ಕೇಳಿದರು. ನಮ್ಮ ಹಟ್ಟಿಯ, ನಮ್ಮ ಗೂಡಿನ ಜೀವಗಳಿಗೆ ದೂರು ಹೇಳಲು ಅವಕಾಶ ಸಿಕ್ಕರೆ ಏನು ಹೇಳಬಹುದು?

ಪ್ರೀತಿಯಿಂದ ಸಾಕಿದ್ದನ್ನು ಬಕ್ರೀದ್‌ಗೆ ಹೇಗೆ ಕೊಡುತ್ತೀರಿ ಎಂದು ಕೆಲವರು ಕೇಳುತ್ತಾರೆ. ಮನಸ್ಸಿಗೆ ನೋವಾಗುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಡಿಗೆ ಹೆಸರಿಟ್ಟ ಮಕ್ಕಳು ಆ ದಿನ ಊಟ ಬಿಟ್ಟದ್ದನ್ನು ನಾವು ನೋಡಿದ್ದೇವೆ. ಅದಕ್ಕೇ ಕತ್ತಿ ಹರಿತವಿರಬೇಕು, ಪ್ರಾಣಿಯ ಎದುರು ಕತ್ತಿ ಮಸೆಯಬಾರದು ಎಂದು ಕಲಿಸಲಾಗಿದೆ. ಕೊನೆಯ ಗಳಿಗೆಯಲ್ಲೂ ಅದಕ್ಕೆ ಹಕ್ಕಿದೆ.

ಹುಡುಗನ ಪ್ರಶ್ನೆ

ಮರುದಿನ ತರಗತಿಯಲ್ಲಿ ಎಲ್ಲರ ಎದುರು ಹುಡುಗನಲ್ಲಿ ತಪ್ಪು ಒಪ್ಪಿಕೊಂಡೆವು. ಅಬೂ ಉಮೈರ್‌ನ ಕಥೆ ಹೇಳಿದೆವು. ಆಗ ಅವನು ಕೇಳಿದ, "ಹಜರತ್, ನಮ್ ಎತ್ತಿಗೂ ಜನ್ನತ್ ಐತೇನ್ರಿ?"

ಸುಲಭದ ಪ್ರಶ್ನೆಯಲ್ಲ. ಖಿಯಾಮತ್ ದಿನ ಪ್ರಾಣಿಗಳನ್ನೂ ಎಬ್ಬಿಸಲಾಗುವುದು, ಕೊಂಬಿಲ್ಲದ ಆಡಿಗೆ ಕೊಂಬಿದ್ದ ಆಡಿನಿಂದ ನ್ಯಾಯ ಕೊಡಿಸಲಾಗುವುದು ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆಮೇಲೆ ಅವು ಮಣ್ಣಾಗುತ್ತವೆ ಎಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಸ್ವರ್ಗದಲ್ಲಿ ಮನಸ್ಸು ಬಯಸಿದ್ದು ಸಿಗುತ್ತದೆ ಎಂಬುದೂ ಖುರ್‌ಆನ್‌ನಲ್ಲಿದೆ. ಎಲ್ಲವನ್ನೂ ಹಾಗೆಯೇ ಹೇಳಿದೆವು. ಕೊನೆಗೆ ಹೇಳಿದ್ದಿಷ್ಟು: "ನಿನ್ನ ಎತ್ತಿನ ವಿಷಯ ಅಲ್ಲಾಹನ ಕೈಯಲ್ಲಿದೆ, ಅವನು ನಮಗಿಂತ ಕರುಣಾಳು. ಆದರೆ ಅದಕ್ಕೆ ನೀನು ಕೊಟ್ಟ ಒಂದೊಂದು ಹಿಡಿ ಹುಲ್ಲೂ ನಿನ್ನ ಲೆಕ್ಕದಲ್ಲಿದೆ. ಜೀವವಿರುವ ಯಾವುದಕ್ಕೆ ಉಪಕಾರ ಮಾಡಿದರೂ ಕೂಲಿ ಇದೆ."

"ಹಂಗಾರ ಇನ್ನೊಂದು ಎತ್ತನ್ನ ಚಲೋ ನೋಡ್ಕೊಂತೀನ್ರಿ" ಅಂದ. ನಮ್ಮ ಪಾಠಕ್ಕಿಂತ ಅವನ ಮಾತೇ ಚೆನ್ನಾಗಿತ್ತು.

ಗೂಟಕ್ಕೆ ಕಟ್ಟದ ಜೀವಗಳು

ಸಾಕಿದ್ದಕ್ಕೆ ಮಾತ್ರ ಕರುಣೆಯೇ? ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ಅಭಯಾರಣ್ಯವಿದೆ, 1974ರಲ್ಲಿ ಸ್ಥಾಪನೆಯಾದದ್ದು. ಸುತ್ತ ಹೊಲಗಳು. ಮೃಗಗಳ ಹಿಂಡು ಹೊಲಕ್ಕಿಳಿದು ಎಳೆಯ ಬೆಳೆ ಮೇಯುತ್ತದೆ. ಬೈಯುತ್ತಾ, ಓಡಿಸುತ್ತಾ, ನಷ್ಟ ನುಂಗಿಕೊಂಡು ರೈತರು ಅವುಗಳ ಜೊತೆ ಬದುಕುತ್ತಿದ್ದಾರೆ. ಭೂಮಿಯ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳು ಎಂಬ ಅಲ್‌ಅನ್‌ಆಮ್ ಅಧ್ಯಾಯದ ಮಾತು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನು ನಮ್ಮ ಕರಾವಳಿಯ ಮನೆಗಳಿಗೆ ಬರೋಣ. ನಮ್ಮಲ್ಲಿ ಬೆಕ್ಕಿಲ್ಲದ ಮನೆ ಕಡಿಮೆ. ಅಬೂ ಖತಾದ (ರ.ಅ.) ವುಳೂಗೆ ಇಟ್ಟ ನೀರಿನ ಪಾತ್ರೆಯನ್ನು ಬೆಕ್ಕಿಗೆ ಬಾಗಿಸಿ ಕುಡಿಸಿದ್ದರು, ಮನೆಯೊಳಗೆ ಸುಳಿದಾಡುವ ಈ ಜೀವ ಅಶುದ್ಧವಲ್ಲ ಎಂದು ಪ್ರವಾದಿ ಹೇಳಿದ್ದನ್ನು ಸೊಸೆಗೆ ತಿಳಿಸಿದರು. ಅದನ್ನು ಕಲಿತ ನಾವೇ ಮರಿ ಹೆಚ್ಚಾದರೆ ಗೋಣಿಚೀಲಕ್ಕೆ ತುಂಬಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುತ್ತೇವೆ. ಮದುವೆಗೆಂದು ಮೂರು ದಿನ ಊರಿಗೆ ಹೋದರೆ ಗೂಡಿನ ಲವ್‌ಬರ್ಡ್ಸ್‌ಗೆ ನೀರು ಹಾಕುವವರಿಲ್ಲ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೊಂದ ಹೆಂಗಸಿಗೆ ನರಕವಾಯಿತು ಎಂಬ ಹದೀಸ್ ನಮ್ಮ ಮಕ್ಕಳಿಗೆ ಬಾಯಿಪಾಠ!

ನಾಯಿಯ ವಿಷಯದಲ್ಲಿ ನಮ್ಮ ಮದ್‌ಹಬಿನ ನಿಯಮ ಗಟ್ಟಿಯಾಗಿದೆ. ಒದ್ದೆಯಾಗಿ ತಾಗಿದರೆ ಏಳು ಸಲ, ಅದರಲ್ಲಿ ಒಮ್ಮೆ ಮಣ್ಣು ಬೆರೆಸಿ ತೊಳೆಯಬೇಕು. ಆದರೆ ಅದು ತೊಳೆಯುವ ನಿಯಮ, ಕಲ್ಲೆಸೆಯುವ ನಿಯಮವಲ್ಲ. ಬಾಯಾರಿದ ನಾಯಿಗೆ ನೀರು ಕೊಟ್ಟವನ ಪಾಪ ಮನ್ನಿಸಲ್ಪಟ್ಟದ್ದೂ ಇದೇ ದೀನಿನಲ್ಲಿ.

ಕೆಲವು ಕೆಲಸ ಇವತ್ತೇ ಮಾಡಬಹುದು. ದನ, ಆಡು ಹುಷಾರಿಲ್ಲದಿದ್ದರೆ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನದ ನೆರವು ಕೇಳಬಹುದು. ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸಬೇಕು. ನಾಯಿ, ಬೆಕ್ಕು ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಬೇಕು. ಬೇಸಿಗೆಯಲ್ಲಿ ಟೆರೇಸಿನ ಮೇಲೆ ಹಕ್ಕಿಗಳಿಗೆ ಒಂದು ಮಣ್ಣಿನ ಬೋಗುಣಿ ನೀರಿಡುವುದಕ್ಕೆ ಖರ್ಚೇನೂ ಇಲ್ಲ.

ಬ್ಯಾಡಗಿಯ ಮೆಣಸು ನಮ್ಮ ಸಾರಿಗೆ ಬಣ್ಣ ಕೊಟ್ಟಿತು. ಬ್ಯಾಡಗಿ ಕಡೆಯ ಒಬ್ಬ ಹುಡುಗ ನಾವು ಮರೆತ ಪಾಠವೊಂದನ್ನು ನೆನಪಿಸಿದ. ಇಂದು ರಾತ್ರಿ ಊಟಕ್ಕೆ ಕೂರುವ ಮೊದಲು ಹಟ್ಟಿಯಲ್ಲಿ, ಗೂಡಿನಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತಿರುವ ಜೀವಕ್ಕೆ ಏನಾದರೂ ಹಾಕಿದಿರಾ ಎಂದು ಮಕ್ಕಳಲ್ಲಿ ಒಮ್ಮೆ ಕೇಳೋಣ. ಅಲ್ಲಾಹನು ನಮ್ಮ ಹೃದಯಗಳಲ್ಲಿ ಕರುಣೆಯನ್ನು ಉಳಿಸಲಿ. ಆಮೀನ್.