ಮಂಚ ಮಾಡಿಸುವ ಮುನ್ನ ಮರದ ನೀರು ನೋಡಿ

ಆಷಾಢದ ಮಳೆಯಲ್ಲಿ ಸಾಗರದಲ್ಲಿ ಮಾಡಿಸಿದ ಮಂಚವನ್ನು ನಾವು ಬಳ್ಳಾರಿಗೆ ಒಯ್ದೆವು. ಅಪ್ಪಟ ತೇಗ. ತಲೆಯ ಕಡೆಗೆ ಒಂದೂವರೆ ಅಡಿ ಅಗಲದ ಒಂದೇ ಹಲಗೆ, ಅದನ್ನು ಚೌಕಟ್ಟಿಗೆ ಭದ್ರವಾಗಿ ಅಂಟಿಸಿ ಮೊಳೆ ಹೊಡೆಸಿದ್ದೆವು. ಯುಗಾದಿ ಕಳೆದ ಮೇಲೆ ಒಂದು ರಾತ್ರಿ ಫಟ್ಟೆಂದು ಸದ್ದಾಯಿತು. ಬೆಳಿಗ್ಗೆ ನೋಡಿದರೆ ಹಲಗೆಯ ಉದ್ದಕ್ಕೂ ಬಿರುಕು, ಉಗುರು ತೂರುವಷ್ಟು. ಮರವೇ ಸರಿಯಿಲ್ಲ ಎಂದರು ಬಂದವರೆಲ್ಲ. ಮರ ಚೆನ್ನಾಗಿಯೇ ಇತ್ತು. ಅದರಲ್ಲಿ ನೀರು ಹೆಚ್ಚಿತ್ತು, ಕುಗ್ಗುವುದಕ್ಕೆ ನಾವು ಜಾಗ ಬಿಟ್ಟಿರಲಿಲ್ಲ.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಕೋಶಗಳ ಟೊಳ್ಳಿನಲ್ಲಿ ತುಂಬಿಕೊಂಡಿದ್ದು ಒಂದು, ಕೋಶಗಳ ಗೋಡೆ ಹೀರಿಕೊಂಡಿದ್ದು ಇನ್ನೊಂದು. ಟೊಳ್ಳಿನ ನೀರು ಮೊದಲು ಹೋಗುತ್ತದೆ. ಆಗ ಮರ ಹಗುರಾಗುತ್ತದೆ, ಕುಗ್ಗುವುದಿಲ್ಲ. ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗಿಳಿದ ಮೇಲೆ ಗೋಡೆಗಳೇ ನೀರು ಬಿಡುತ್ತವೆ, ಮರ ಕುಗ್ಗತೊಡಗುತ್ತದೆ. ಅದು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವುದು ಸುತ್ತಲಿನ ಗಾಳಿ. ಗಾಳಿಯ ಆರ್ದ್ರತೆ ಶೇ. 90 ಇದ್ದರೆ ಮರದ ತೇವ ಶೇ. 20ರ ಹತ್ತಿರ ನಿಲ್ಲುತ್ತದೆ. ಆರ್ದ್ರತೆ ಶೇ. 30ಕ್ಕೆ ಬಂದರೆ ಶೇ. 6ರ ಆಸುಪಾಸು. ಮಲೆನಾಡಿನ ಮಳೆಗಾಲಕ್ಕೂ ಬಯಲುಸೀಮೆಯ ಬೇಸಿಗೆಗೂ ಇರುವ ಅಂತರ ಇದೇ. ನಮ್ಮ ಒಂದೂವರೆ ಅಡಿಯ ಹಲಗೆ ಅಷ್ಟು ಒಣಗುವಾಗ ಹತ್ತು ಮಿಲಿಮೀಟರಿಗೂ ಹೆಚ್ಚು ಕಿರಿದಾಗಬೇಕು. ಅಂಟು, ಮೊಳೆ ಬಿಡಲಿಲ್ಲ, ಹಲಗೆ ಸೀಳಿತು.

ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದೇ ಹೆಚ್ಚು, ಉಂಗುರಗಳಿಗೆ ಅಡ್ಡಲಾಗಿ ಅದರ ಅರ್ಧದಷ್ಟು. ಆದ್ದರಿಂದ ಡಿಪೋದಲ್ಲಿ ಹಲಗೆಯ ಮುಖ ನೋಡಿ ಮರುಳಾಗಬೇಡಿ, ಕೊಯ್ದ ತುದಿಯನ್ನು ನೋಡಿ. ಉಂಗುರದ ಗೆರೆಗಳು ಅಲ್ಲಿ ನೆಟ್ಟಗೆ ನಿಂತಿದ್ದರೆ ಆ ಹಲಗೆ ಕಡಿಮೆ ಕುಗ್ಗುತ್ತದೆ, ಸುಲಭಕ್ಕೆ ಸೊಟ್ಟಗಾಗುವುದಿಲ್ಲ.

ನಮ್ಮ ಹಳೇ ಮನೆಗಳ ಬಾಗಿಲು ಮಾಡಿದ ಆಚಾರ್ರಿಗೆ ಇದೆಲ್ಲ ಕೈಯಲ್ಲೇ ಗೊತ್ತಿತ್ತು. ಅವರು ಹಲಗೆಯನ್ನು ಚೌಕಟ್ಟಿನ ತೋಡಿನೊಳಗೆ ಕೂರಿಸಿ ಹಾಗೇ ಬಿಡುತ್ತಿದ್ದರು, ಅಂಟಿಸುತ್ತಿರಲಿಲ್ಲ. ಬಣ್ಣ ಬಳಿದ ಅಂಥ ಬಾಗಿಲನ್ನು ಬೇಸಿಗೆಯಲ್ಲಿ ಹತ್ತಿರದಿಂದ ನೋಡಿ: ಹಲಗೆಯ ಅಂಚಿನಲ್ಲಿ ಬಣ್ಣ ತಾಗದ ತೆಳು ಗೆರೆಯೊಂದು ಹೊರಗೆ ಇಣುಕುತ್ತದೆ. ಮಳೆಗಾಲದಲ್ಲಿ ಅದು ಮತ್ತೆ ಒಳಗೆ ಹೋಗುತ್ತದೆ. ಮಂಚದ ತಲೆಹಲಗೆಗೂ ಇದೇ ನಕ್ಷೆ ಬೇಕು.

"ಕೊಯ್ದು ಆರು ತಿಂಗಳಾಯ್ತು, ಚೆನ್ನಾಗಿ ಒಣಗಿದೆ" ಎಂಬ ಮಾತು ಎಲ್ಲ ಡಿಪೋಗಳಲ್ಲೂ ಕೇಳಿಬರುತ್ತದೆ. ನೆರಳಲ್ಲಿ ಗಾಳಿಗೆ ಒಣಗುವ ಮರಕ್ಕೆ ಒಂದಂಗುಲ ದಪ್ಪಕ್ಕೆ ಒಂದು ವರ್ಷ ಎನ್ನುವುದು ಹಳೆಯ ಲೆಕ್ಕ. ಎರಡು ಮುಳ್ಳು ಚುಚ್ಚಿ ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ಅದಿಲ್ಲದಿದ್ದರೆ ಹಲಗೆಯ ಮಧ್ಯದಿಂದ ಒಂದು ತುಂಡು ಕೊಯ್ಸಿ, ಮನೆಗೆ ತಂದು ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಆ ಮರ ನಿಮ್ಮ ಮನೆಗೆ ಇನ್ನೂ ಹಸಿ. ಪ್ರಯೋಗಾಲಯದಲ್ಲೂ ಮಾಡುವುದು ಇದನ್ನೇ, 103 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿಟ್ಟು. 120 ಗ್ರಾಂ ತುಂಡು ಪೂರ್ತಿ ಒಣಗಿ 100 ಗ್ರಾಂಗೆ ನಿಂತರೆ ತೇವ ಶೇ. 20.

ಇನ್ನು ಯಾವ ಮರ? ಜಾತಿಗಿಂತ ಮೊದಲು ಕೆಚ್ಚು ನೋಡಬೇಕು. ಕೆಚ್ಚೆದೆ ಎನ್ನುವಾಗ ನಾವು ನೆನೆಯುವ ಅದೇ ಕೆಚ್ಚು, ಮರದ ನಡುವಿನ ಗಟ್ಟಿ ಬಣ್ಣದ ಭಾಗ. ಸುತ್ತಲಿನ ಬಿಳಿಭಾಗದಲ್ಲಿ ಮರ ಪಿಷ್ಟ ಕೂಡಿಟ್ಟಿರುತ್ತದೆ. ಕುಟ್ಟೆ ಹುಳುವಿನ ಮರಿಗೆ ಅದೇ ಊಟ. ಮಂಚದಡಿ ಹಿಟ್ಟಿನಂತೆ ಉದುರುವ ಪುಡಿ ಅದರದೇ. ತೇಗದ ಕೆಚ್ಚಿನಲ್ಲಿರುವ ಎಣ್ಣೆಯಂಶ ಮತ್ತು ರಾಸಾಯನಿಕಗಳು ಗೆದ್ದಲನ್ನು ದೂರವಿಡುತ್ತವೆ, ತೇಗದ ಬಿಳಿಭಾಗಕ್ಕೆ ಆ ಶಕ್ತಿಯಿಲ್ಲ. ಹಾಗಾಗಿ ಬಿಳಿ ಸೇರಿದ ದುಬಾರಿ ತೇಗಕ್ಕಿಂತ ಕೆಚ್ಚೇ ಇರುವ, ಚೆನ್ನಾಗಿ ಒಣಗಿದ ಹಲಸು ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ರಬ್ಬರ್ ಮರದಲ್ಲಿ ಪಿಷ್ಟ ತುಂಬ; ಬೋರಾಕ್ಸ್-ಬೋರಿಕ್ ಆಮ್ಲದ ಉಪಚಾರ ಆಗಿದ್ದರೆ ಮಾತ್ರ ಕೊಳ್ಳಿ.

ದಪ್ಪ ಮರ ಹಾಕಿಸಿದರೆ ಮಂಚ ಗಟ್ಟಿ ಎಂದು ದುಡ್ಡು ಸುರಿಯುವವರಿದ್ದಾರೆ. ಬಾಗದಿರುವ ಗುಣ ಪಟ್ಟಿಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಆರು ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ ಪಟ್ಟಿಯನ್ನು ಮಲಗಿಸುವ ಬದಲು ನಿಲ್ಲಿಸಿ ಕೂಡಿಸಿದರೆ ಹದಿನಾರು ಪಟ್ಟು ಬಿಗಿ. ಮರ ಅಷ್ಟೇ, ಖರ್ಚೂ ಅಷ್ಟೇ. ಆರಡಿ ಅಗಲದ ಮಂಚಕ್ಕೆ ನಡುವೆ ಒಂದು ತೊಲೆ, ಅದಕ್ಕೊಂದು ಕಾಲು ಇರಲೇಬೇಕು. ಹಾಸಿಗೆಯ ಅಳತೆ ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ. 78ಕ್ಕೆ 72 ಅಂಗುಲದ ಹಾಸಿಗೆ 75ರ ಮಂಚದಲ್ಲಿ ಕೂರುವುದಿಲ್ಲ.

ಕಿರುಗುಟ್ಟುವ ಮಂಚಗಳಲ್ಲಿ ಸಡಿಲವಾಗಿರುವುದು ಸಾಮಾನ್ಯವಾಗಿ ಕಾಲು ಮತ್ತು ಪಕ್ಕದ ಪಟ್ಟಿ ಕೂಡುವ ಮೂಲೆ. ಪಟ್ಟಿಯ ತುದಿಗೆ, ನಾರಿನ ಗುಂಟ ಬಿಗಿದ ಸ್ಕ್ರೂ ಹೆಚ್ಚು ಕಾಲ ಹಿಡಿಯುವುದಿಲ್ಲ. ಅಲ್ಲಿ ಕಚ್ಚು ಕೊಟ್ಟು ಬೋಲ್ಟ್ ಹಾಕಿಸಿ. ಮೊದಲ ಬೇಸಿಗೆ ಮುಗಿಯುವ ಹೊತ್ತಿಗೆ ಮರ ಒಂದಿಷ್ಟು ಕುಗ್ಗಿರುತ್ತದೆ. ಆಗ ನಾಲ್ಕೂ ಮೂಲೆಯ ಬೋಲ್ಟುಗಳನ್ನು ಮರೆಯದೆ ಒಮ್ಮೆ ಬಿಗಿ ಮಾಡಿ.